ಕಡಿದ ಗುಡ್ಡವೂ ಒಂದು ಕಟ್ಟಡ



ಸೇತುವೆ ಬಿದ್ದರೆ ನಾವು ಮೊದಲು ಕೇಳುವುದು ಅದನ್ನು ಕಟ್ಟಿದವರು ಯಾರು ಎಂದು. ಗುಡ್ಡ ಬಿದ್ದರೆ ಮಳೆ ಎಷ್ಟು ಬಿತ್ತು ಎಂದು ಕೇಳುತ್ತೇವೆ. ಮೊದಲನೆಯದಕ್ಕೆ ತನಿಖೆ, ಎರಡನೆಯದಕ್ಕೆ ಪರಿಹಾರಧನ. ರಸ್ತೆಗಾಗಿಯೋ ಮನೆಗಾಗಿಯೋ ಯಂತ್ರ ಹಚ್ಚಿ ಕಡಿದ ಗುಡ್ಡವನ್ನೂ ನಾವು ಪ್ರಕೃತಿಯ ಲೆಕ್ಕಕ್ಕೇ ಬರೆದುಬಿಟ್ಟಿದ್ದೇವೆ. ಮಣ್ಣಿನ ಎಂಜಿನಿಯರಿಂಗ್ ಪಾಠ ಹೇಳಿಕೊಂಡು ಬಂದ ನನಗೆ ಇದು ಒಪ್ಪಿತವಲ್ಲ. ಕಡಿದ ಗುಡ್ಡ ಪ್ರಕೃತಿಯಲ್ಲ, ಕಟ್ಟಡ. ಅದಕ್ಕೆ ವಿನ್ಯಾಸ ಬೇಕು, ಚರಂಡಿ ಬೇಕು, ವರ್ಷಕ್ಕೊಮ್ಮೆ ಬಂದು ನೋಡುವವರು ಬೇಕು. ಈ ಉಪನ್ಯಾಸದ ಸಂಘಟಕರು ಭೂವಿಜ್ಞಾನದ ಹೊಸ ಬೆಳವಣಿಗೆಗಳ ಬಗ್ಗೆ ಮಾತಾಡಿ ಎಂದಿದ್ದಾರೆ; ಉಪಗ್ರಹ, ಮುನ್ಸೂಚನೆ ಎಲ್ಲದಕ್ಕೂ ಬರುತ್ತೇನೆ. ಆದರೆ ಈ ಒಂದು ಮಾತನ್ನು ಪಕ್ಕಕ್ಕಿಟ್ಟು ಅವನ್ನು ಮಾತಾಡಿದರೆ ಅದು ಬರೀ ಯಂತ್ರಗಳ ಪಟ್ಟಿಯಾದೀತು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿತು. ಒಂದು ಕಡೆ ಚತುಷ್ಪಥಕ್ಕಾಗಿ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ, ನಡುವೆ ರಸ್ತೆ ಮತ್ತು ಒಂದು ಚಹಾದಂಗಡಿ. ಲಾರಿಯವರು ಗಾಡಿ ನಿಲ್ಲಿಸಿ ಚಹಾ ಕುಡಿಯುವ ಜಾಗ ಅದು. ಮಣ್ಣು ಅಂಗಡಿಯನ್ನು ಕೊಚ್ಚಿತು, ಗ್ಯಾಸ್ ಟ್ಯಾಂಕರನ್ನು ನದಿಗೆ ದೂಡಿತು. ಅಷ್ಟು ಮಣ್ಣು ಒಮ್ಮೆಲೇ ನೀರಿಗೆ ಬಿದ್ದಾಗ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಸತ್ತವರು ಹನ್ನೊಂದು ಜನ. ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಆ ಎರಡು ತಿಂಗಳು ಟಿವಿಯಲ್ಲಿ ಲಾರಿ ಎಲ್ಲಿದೆ ಎಂಬ ಚರ್ಚೆ ಎಷ್ಟು ನಡೆಯಿತೋ ಬಲ್ಲಿರಿ. ಆ ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಲಾಗಿತ್ತು, ಅದರ ನೆತ್ತಿಯ ನೀರು ಎಲ್ಲಿಗೆ ಹೋಗುತ್ತಿತ್ತು ಎಂಬ ಚರ್ಚೆ ಅದರ ಕಾಲುಭಾಗವೂ ನಡೆಯಲಿಲ್ಲ.

ಶಿರೂರಿನದೇ ಆಗಬೇಕೆಂದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಎಲ್ಲಾದರೂ ಗುಡ್ಡ ಕಡಿದ ಎತ್ತರದ ಬರೆಯೊಂದರ ಮುಂದೆ ನಿಂತು ಮೇಲಿನಿಂದ ಕೆಳಗೆ ನೋಡಿ. ನೆತ್ತಿಯಲ್ಲಿ ಬೇರು ಹಿಡಿದ ತೆಳು ಮಣ್ಣು. ಅದರಡಿ ಜಂಬಿಟ್ಟಿಗೆ, ದಕ್ಷಿಣದವರ ಮುರಕಲ್ಲು, ಉತ್ತರ ಕನ್ನಡದವರ ಚಿರೇಕಲ್ಲು. ತೂತು ತೂತಾಗಿದ್ದರೂ ಗಟ್ಟಿ, ಗಾಳಿಗೊಡ್ಡಿದಷ್ಟೂ ಬಿಗಿಯುತ್ತದೆ. ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು 1807ರ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದ. ನಮ್ಮ ತಕರಾರು ಇದರ ಮೇಲಲ್ಲ, ಇದರ ಕೆಳಗಿನದರ ಮೇಲೆ. ಮುರಕಲ್ಲು ಮುಗಿದಲ್ಲಿ ಬಿಳಿ, ಗುಲಾಬಿ, ಹಳದಿ ಕಲಸಿದ ನುಣುಪು ಪದರ ಶುರುವಾಗುತ್ತದೆ. ಅದೇ ಶೇಡಿ ಮಣ್ಣು, ಪುಸ್ತಕದಲ್ಲಿ ಲಿತೋಮಾರ್ಜ್. ಲಕ್ಷಾಂತರ ಮಳೆಗಾಲಗಳು ಬಂಡೆಯ ಖನಿಜಗಳನ್ನು ತೊಳೆದು ತೊಳೆದು ಕೊನೆಗೆ ಉಳಿಸಿದ ಜೇಡಿ ಮತ್ತು ಹೂಳಿನ ಮಿಶ್ರಣ ಅದು. ಅದಕ್ಕೂ ಕೆಳಗೆ ಅರೆಕೊಳೆತ ಬಂಡೆ, ಆಮೇಲೆ ಗಟ್ಟಿ ಬಂಡೆ.

ಬೇಸಿಗೆಯಲ್ಲಿ ಶೇಡಿ ಮಣ್ಣಿಗೆ ಪಿಕಾಸಿ ಹೊಡೆದು ನೋಡಿದವರಿಗೆ ಗೊತ್ತು, ಕಲ್ಲಿನ ಹಾಗೇ ಇರುತ್ತದೆ. ಈ ಮೇಜಿನ ಮೇಲೊಂದು ಗಾಜಿನ ಲೋಟವಿದೆ. ಒಣಗಿದ ಶೇಡಿಯ ಹೆಂಟೆಯೊಂದನ್ನು ಇದರೊಳಗೆ ಬಿಡುತ್ತಿದ್ದೇನೆ. ಮುಂದಿನ ಸಾಲಿನವರಿಗೆ ಕಾಣುತ್ತಿರಬಹುದು: ಮೊದಲು ಗುಳ್ಳೆ, ಒಳಗಿದ್ದ ಗಾಳಿ ಹೊರಬೀಳುತ್ತಿದೆ. ಈಗ ಅಂಚುಗಳು ಉದುರುತ್ತಿವೆ. ನಾನು ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ತಳದಲ್ಲಿ ಗಂಜಿಯಂಥದ್ದು ಉಳಿಯುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಪ್ರಯೋಗಗಳಾಗಿವೆ. ಸಿಮೆಂಟು, ಸುಣ್ಣ, ನಾರು ಬೆರೆಸಿ ಗಟ್ಟಿ ಮಾಡುವ ದಾರಿಗಳನ್ನು ಹುಡುಕಿದ್ದಾರೆ. ಹಾಗಾಗಿ ಇದು ಯಾರಿಗೂ ತಿಳಿಯದ ಸಂಗತಿಯೇನಲ್ಲ.

ನೀರು ತಾಗಿದರೆ ಮಣ್ಣು ಸೋಲುವುದೇಕೆ ಎಂಬುದಕ್ಕೆ ಉತ್ತರ ಕೊಟ್ಟವನು ಕಾರ್ಲ್ ಟೆರ್ಜಾಗಿ. ಇಸ್ತಾಂಬುಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಪ್ರಯೋಗ ಮಾಡುತ್ತ ಅವನು ಬರೆದ ಮಣ್ಣಿನ ಬಲವಿಜ್ಞಾನದ ಮೊದಲ ಗ್ರಂಥ ಪ್ರಕಟವಾದದ್ದು 1925ರಲ್ಲಿ. ಅಂದರೆ 2025ಕ್ಕೆ ನಮ್ಮ ಶಾಸ್ತ್ರಕ್ಕೆ ನೂರು ತುಂಬಿತು. ಅವನ ಮೂಲ ಸೂತ್ರ ಸರಳ. ಮಣ್ಣನ್ನು ಹಿಡಿದಿಡುವುದು ಕಣಕ್ಕೂ ಕಣಕ್ಕೂ ನಡುವಿನ ತಿಕ್ಕಾಟ. ಆ ತಿಕ್ಕಾಟ ಬರುವುದು ಮೇಲಿನ ಭಾರ ಕಣಗಳನ್ನು ಒಂದಕ್ಕೊಂದು ಒತ್ತುವುದರಿಂದ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಏರಿದರೆ ಆ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ಕಣಗಳ ಹಿಡಿತ ಸಡಿಲವಾಗುತ್ತದೆ. ಉಳ್ಳಾಲದ ಕಡಲ ದಂಡೆಯಲ್ಲಿ ಮರಳಿನ ಗೂಡು ಕಟ್ಟುವ ಮಕ್ಕಳಿಗೆ ಇದರ ಅರ್ಧ ಗೊತ್ತು: ಒಣ ಮರಳು ನಿಲ್ಲುವುದಿಲ್ಲ, ತೇವದ ಮರಳು ಗೋಡೆಯಾಗಿ ನಿಲ್ಲುತ್ತದೆ, ಅಲೆ ಬಂದು ನೆನೆಸಿದೊಡನೆ ಕೂತುಬಿಡುತ್ತದೆ. ಕಡಿದ ಬರೆ ಎಪ್ರಿಲಿನಲ್ಲಿ ನೆಟ್ಟಗೆ ನಿಂತಿರುವುದು ಆ ಅರೆತೇವದ ಬಲದ ಮೇಲೆ. ಗುತ್ತಿಗೆದಾರರು ಬಿಲ್ಲು ಪಡೆಯುವುದೂ ಬಹಳ ಸಲ ಎಪ್ರಿಲಿನಲ್ಲೇ.

ಹಾಗೆಂದು ಮೊದಲ ಮಳೆಗೇ ಬೀಳಬೇಕೆಂದಿಲ್ಲ. ಗುಡ್ಡದ ಬುಡ ಕಡಿದಾಗ ಒಳಗಿನ ಒತ್ತಡ ಸಡಿಲಗೊಂಡು ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಒಂದು ಮಳೆಗಾಲ ಆ ಬಿರುಕಿಗೆ ನೀರಿಳಿಯುತ್ತದೆ. ಮರುವರ್ಷ ಅದು ಅಗಲವಾಗುತ್ತದೆ. ನಾಲ್ಕಾರು ವರ್ಷ ನಿಂತ ಬರೆಯನ್ನು ತೋರಿಸಿ "ಏನಾಗಿದೆ ನೋಡಿ, ಗಟ್ಟಿಯಾಗಿದೆಯಲ್ಲ" ಎನ್ನುವವರಿಗೆ ನಾನು ಹೇಳುವುದಿಷ್ಟೇ: ಅದು ಗಟ್ಟಿಯಾಗುತ್ತಿಲ್ಲ, ಸವೆಯುತ್ತಿದೆ.

ಎಂಜಿನಿಯರಿಗೆ ಇದು ತಿಳಿಯದ್ದೇ? ತಿಳಿದಿದೆ. ಲೆಕ್ಕ ನೋಡಿ. ಮೂವತ್ತು ಮೀಟರ್ ಎತ್ತರದ ಗುಡ್ಡವನ್ನು 45 ಡಿಗ್ರಿಯಲ್ಲಿ ಇಳಿಜಾರಾಗಿ ಕಡಿಯಬೇಕಾದರೆ ರಸ್ತೆಯಂಚಿನಿಂದ ಒಳಕ್ಕೆ ಇನ್ನೂ ಮೂವತ್ತು ಮೀಟರ್ ಜಾಗ ಬೇಕು. ನಡುವೆ ಮೆಟ್ಟಿಲು ಬಿಟ್ಟರೆ ಇನ್ನೂ ಹೆಚ್ಚು. ಆ ಜಾಗ ಅರಣ್ಯ ಇಲಾಖೆಯದ್ದಿರುತ್ತದೆ ಅಥವಾ ಯಾರದೋ ತೋಟ. ಸ್ವಾಧೀನ ಎಂದರೆ ವರ್ಷಗಳ ತಕರಾರು. ನೇರವಾಗಿ ಕಡಿದರೆ ಒಂದಿಂಚೂ ಬೇಡ. ಜೆಸಿಬಿಯವನಿಗೂ ಸುಲಭ. ಹಾಗಾಗಿ ಗುಡ್ಡದ ಕೋನವನ್ನು ನಿರ್ಧರಿಸುವುದು ಮಣ್ಣಿನ ಪರೀಕ್ಷೆಯಲ್ಲ, ಭೂಸ್ವಾಧೀನದ ಗೆರೆ. ಈ ಗೆರೆಯನ್ನು ಎಳೆಯುವ ಕೋಣೆಯಲ್ಲಿ ಭೂವಿಜ್ಞಾನಿ ಕೂತಿರುವುದು ಅಪರೂಪ.

ನೇರ ಕಡಿದದ್ದನ್ನು ನಿಲ್ಲಿಸುವ ತಂತ್ರಗಳೂ ಇವೆ. ಗುಡ್ಡದೊಳಕ್ಕೆ ಉದ್ದುದ್ದ ಸರಳು ತೂರಿಸಿ ಸಿಮೆಂಟು ತುಂಬುವ ಮಣ್ಣು ಮೊಳೆ, ಮೇಲೆ ಬಲೆ ಕಟ್ಟಿ ಕಾಂಕ್ರೀಟು ಸಿಡಿಸುವ ಶಾಟ್‌ಕ್ರೀಟ್, ಬುಡಕ್ಕೆ ತಂತಿ ಬುಟ್ಟಿಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ. ನಮ್ಮ ಕರಾವಳಿಯಲ್ಲಿ ಇತ್ತೀಚೆಗೆ ಶಾಟ್‌ಕ್ರೀಟಿನ ಬೂದು ಗೋಡೆಗಳು ಅಲ್ಲಲ್ಲಿ ಎದ್ದಿವೆ. ನೋಡಲು ಭದ್ರ. ಆದರೆ ಹಿಂದಿನ ನೀರು ಹೊರಬರಲು ತೂತು ಬಿಡದೆ ಮುಖ ಮುಚ್ಚಿದರೆ ಟೆರ್ಜಾಗಿ ಹೇಳಿದ ಒತ್ತಡವನ್ನು ನಾವೇ ಕೂಡಿಹಾಕಿದಂತೆ. ಮಳೆ ಜೋರಾಗಿದ್ದಾಗ ಹೋಗಿ ನೋಡಿ: ತೂತುಗಳಲ್ಲಿ ನೀರು ಬರುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ. ತೂತುಗಳು ಒಣಗಿದ್ದು, ಗೋಡೆಯ ನಡುವೆ ಬಿರುಕಿನಿಂದ ಕೆಂಪು ನೀರು ಜಿನುಗುತ್ತಿದ್ದರೆ ಅಲ್ಲಿ ಗಾಡಿ ನಿಲ್ಲಿಸಬೇಡಿ.

ಗುಡ್ಡದೊಳಗಿನ ನೀರಿಗೆ ಅಡ್ಡಲಾಗಿ ದಾರಿ ಮಾಡಿಕೊಡುವುದು ಈ ಭಾಗದವರಿಗೆ ಹೊಸದೇನಲ್ಲ. ಬಂಟ್ವಾಳ, ಪುತ್ತೂರು, ಕಾಸರಗೋಡಿನ ತೋಟಗಳಲ್ಲಿ ಸುರಂಗ ಕೊರೆದು ನೀರು ತೆಗೆಯುತ್ತಾರೆ. ಒಬ್ಬರೇ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗುಡ್ಡ ನಿಲ್ಲಿಸಲು ನಾವು ತೂರಿಸುವ ಅಡ್ಡಕೊಳವೆ ಇದರದೇ ತೆಳ್ಳಗಿನ ತಮ್ಮ. ಇನ್ನು ಅಡಿಕೆ ತೋಟದವರಿಗೆ ನೀರು ಬಸಿದುಹೋಗುವ ಉಜಿರುಕಣಿ ತೆಗೆಯದೆ ಮಳೆಗಾಲವೇ ಶುರುವಾಗುವುದಿಲ್ಲ. ಅದೇ ಊರಿನವರು ಮನೆ ಹಿಂದಿನ ಧರೆಯ ನೆತ್ತಿಯಲ್ಲಿ ಒಂದು ಕಣಿ ತೆಗೆಯದೆ ಬಿಡುವುದು ನನಗೆ ಇಂದಿಗೂ ಅರ್ಥವಾಗದ ವಿಷಯ.

ಮನೆಯ ಮಾತು ಬಂತು, ಕೊಡಗಿಗೆ ಬರೋಣ. 2018ರ ಆಗಸ್ಟಿನ ನಡುವಿನ ಆ ವಾರದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಸಾಲುಸಾಲಾಗಿ ಜಾರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ನಡೆದು ನೋಡಿ ನೂರೈದು ಕುಸಿತಗಳನ್ನು ಗುರುತಿಸಿದರು. ರಸ್ತೆಗೆ, ಮನೆಗೆ, ತೋಟಕ್ಕೆ ಇಳಿಜಾರನ್ನು ಬದಲಿಸಿದ್ದು ಬಹುಪಾಲು ಕಡೆ ಕಂಡಿತು. ಜುಲೈಯಲ್ಲಿ ಅಲ್ಲಿ ಸಣ್ಣದೊಂದು ಭೂಕಂಪವೂ ಆಗಿತ್ತು, ಜನ ಇವತ್ತಿಗೂ ಅದನ್ನೇ ಕಾರಣವೆನ್ನುತ್ತಾರೆ. ಅಷ್ಟು ಸಣ್ಣ ನಡುಕಕ್ಕೆ ಅಷ್ಟು ವಿಸ್ತಾರದ ಕುಸಿತವನ್ನು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಗುಡ್ಡದ ಮನೆ ಹೇಗೆ ಆಗುತ್ತದೆ ನೋಡಿ: ಹಿಂದಿನಿಂದ ಕಡಿದ ಮಣ್ಣನ್ನು ಮುಂದಕ್ಕೆ ಸುರಿದು ಅಂಗಳ. ಹಿಂದೆ ಆಧಾರ ಕಳೆದುಕೊಂಡ ಧರೆ, ಮುಂದೆ ಬಿಗಿಯಾಗದ ತುಂಬುಮಣ್ಣು, ನಡುವೆ ಮನೆ. ಅದರ ಮೇಲೆ ಚಾವಣಿಯ ನೀರು, ಬಚ್ಚಲ ನೀರು, ಶೌಚದ ಗುಂಡಿಯ ನೀರು ಎಲ್ಲವೂ ಅದೇ ತುಂಬುಮಣ್ಣಿಗೆ ಇಳಿಯುತ್ತದೆ. ಗುಡ್ಡ ಜಾರುವ ಮುಂಚೆ ಇಂಥ ಮನೆಗಳಲ್ಲಿ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ಕಂಬ ಓರೆಯಾಗುತ್ತದೆ, ವರ್ಷವಿಡೀ ತಿಳಿಯಾಗಿದ್ದ ಒರತೆ ಕೆಂಪಗಾಗುತ್ತದೆ ಅಥವಾ ಸುರಿಮಳೆಯಲ್ಲೇ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ನೀರಿನ ದಾರಿ ಒಳಗೆಲ್ಲೋ ಕಟ್ಟಿದೆ, ಒತ್ತಡ ಏರುತ್ತಿದೆ ಎಂದರ್ಥ.

ಈಗ ಹೊಸ ಬೆಳವಣಿಗೆಗಳಿಗೆ ಬರುತ್ತೇನೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2014ರಿಂದೀಚೆಗೆ ದೇಶದ ಗುಡ್ಡಗಾಡಿನ ಸುಮಾರು 4.3 ಲಕ್ಷ ಚದರ ಕಿಲೋಮೀಟರಿಗೆ ಕುಸಿತದ ಸಾಧ್ಯತೆಯ ನಕ್ಷೆ ಮಾಡಿದೆ. ದೊಡ್ಡ ಕೆಲಸ, ಮೆಚ್ಚಬೇಕಾದದ್ದೇ. ಆದರೆ ಅದರ ಅಳತೆ ಐವತ್ತು ಸಾವಿರಕ್ಕೆ ಒಂದು. ನೆಲದ ಐನೂರು ಮೀಟರು ಕಾಗದದ ಮೇಲೆ ಒಂದು ಸೆಂಟಿಮೀಟರು. ನಮ್ಮ ಮೂವತ್ತು ಮೀಟರಿನ ಬರೆ ಅಲ್ಲಿ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು, ಪೆನ್ಸಿಲಿನ ಗೆರೆಯಷ್ಟು. ನಿಸರ್ಗದ ಇಳಿಜಾರಿಗೆ ಈ ನಕ್ಷೆ ಸಾಕು, ಮನುಷ್ಯ ಕಡಿದದ್ದು ಅದರಲ್ಲಿ ಕಾಣುವುದಿಲ್ಲ. ತಾಲೂಕು ಕಚೇರಿಯಲ್ಲಿ ಈ ನಕ್ಷೆಯನ್ನು ತೋರಿಸಿ ಕಟ್ಟಡ ಪರವಾನಗಿ ಕೊಟ್ಟರೆ ಅದು ನಕ್ಷೆಯ ತಪ್ಪಲ್ಲ.

ಶಿರೂರು ಕುಸಿದ ಮೂರನೇ ದಿನ, 2024ರ ಜುಲೈ 19ರಂದು, ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗಳಿಂದ ಶುರುಮಾಡಿ ಮಳೆಯ ಮುನ್ಸೂಚನೆಯನ್ನು ಇಳಿಜಾರಿನ ನಕ್ಷೆಯೊಂದಿಗೆ ಕೂಡಿಸಿ ದಿನದ ಪ್ರಕಟಣೆ ಕೊಡುವುದು ಅದರ ಕೆಲಸ. ಇದರ ಹಿಂದಿನ ತತ್ತ್ವ ಹಳೆಯದು: ಎಷ್ಟು ಹೊತ್ತು, ಎಷ್ಟು ಜೋರಾಗಿ ಸುರಿದರೆ ಇಳಿಜಾರು ಸೋಲುತ್ತದೆ ಎಂಬ ಗೆರೆಯನ್ನು ನೆಲ್ ಕೇನ್ ಎಂಬ ವಿಜ್ಞಾನಿ 1980ರಲ್ಲೇ ಎಳೆದಿದ್ದರು. ಗೆರೆ ಊರಿಗೊಂದು ಬೇಕು, ಅದಕ್ಕೆ ಊರಿನದೇ ಮಳೆಯ ಲೆಕ್ಕ ಬೇಕು. ಈ ವಿಷಯದಲ್ಲಿ ಕರ್ನಾಟಕ ಭಾಗ್ಯವಂತ ರಾಜ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ.

ಕೋಲ್ಕತ್ತಾದ ಕೇಂದ್ರ ಉದ್ಘಾಟನೆಯಾದ ಹನ್ನೊಂದನೇ ದಿನ, ಜುಲೈ 30ರ ನಡುರಾತ್ರಿ ಕಳೆದ ಮೇಲೆ ವಯನಾಡಿನ ವೆಳ್ಳರಿಮಲೆ ಒಡೆಯಿತು. ಇಲ್ಲಿ ನನ್ನ ವಾದಕ್ಕೆ ವಿರುದ್ಧ ಸಾಕ್ಷಿಯಿದೆ, ಮುಚ್ಚಿಡುವುದು ಸರಿಯಲ್ಲ. ಕುಸಿತ ಶುರುವಾದದ್ದು ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ. ಅಲ್ಲಿ ರಸ್ತೆಯಿಲ್ಲ, ಜೆಸಿಬಿಯಿಲ್ಲ. ಹಳೆಯ ಕುಸಿತದ ಗುರುತು ಮಾತ್ರ ಇತ್ತು. ಎರಡು ದಿನಗಳಲ್ಲಿ 572 ಮಿಲಿಮೀಟರ್ ಮಳೆ. ಹವಾಮಾನ ಬದಲಾವಣೆಯಿಂದ ಆ ಮಳೆ ಸುಮಾರು ಶೇಕಡಾ 10ರಷ್ಟು ಬಲಗೊಂಡಿತ್ತು ಎಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ಗುಂಪೊಂದು ಆಮೇಲೆ ಲೆಕ್ಕಹಾಕಿತು. ಇಸ್ರೋ ಚಿತ್ರಗಳ ಪ್ರಕಾರ ಜಾರಿದ ಜಾಗ 86,000 ಚದರ ಮೀಟರ್. ಕೆಸರು, ಬಂಡೆ, ಮರ ಒಟ್ಟಾಗಿ ಹರಿದ ದೂರ ಸುಮಾರು ಎಂಟು ಕಿಲೋಮೀಟರ್. ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಚಾಮರಾಜನಗರ, ಮಂಡ್ಯದ ಕಡೆಯಿಂದ ಹೋಗಿ ನೆಲೆಸಿದ್ದವರೂ ಅವರಲ್ಲಿದ್ದರು. ಕಲ್ಪೆಟ್ಟದ ಹ್ಯೂಮ್ ಸೆಂಟರಿನವರು ತಮ್ಮ ಸ್ಥಳೀಯ ಮಳೆಮಾಪಕಗಳನ್ನು ನೋಡಿ ಹಿಂದಿನ ದಿನವೇ ಎಚ್ಚರಿಸಿದ್ದರು. ಇಂಥ ಕುಸಿತವನ್ನು ತಡೆಯುವ ಎಂಜಿನಿಯರಿಂಗ್ ಇಲ್ಲ. ಹರಿಯುವ ದಾರಿಯಿಂದ ದೂರವಿರುವುದು, ಹೊತ್ತಿಗೆ ಸರಿಯಾಗಿ ಏಳುವುದು, ಎರಡೇ ದಾರಿ. ಹಾಗಾಗಿ ನನ್ನ ಮಾತಿಗೊಂದು ಗಡಿ ಹಾಕಿಕೊಳ್ಳುತ್ತೇನೆ: ನಾನು ವಾದಿಸುತ್ತಿರುವುದು ಕಡಿದ ಗುಡ್ಡಗಳ ಬಗ್ಗೆ. ಅವುಗಳಿಗೆ ವಯನಾಡಿನ ನೆಪ ಸಲ್ಲದು.

ಸರಿಯಾಗಿ ಒಂದು ವರ್ಷಕ್ಕೆ, 2025ರ ಜುಲೈ 30ರಂದು, ಶ್ರೀಹರಿಕೋಟಾದಿಂದ ನೈಸಾರ್ ಹಾರಿತು. ನಾಸಾ ಮತ್ತು ಇಸ್ರೋ ಜಂಟಿಯಾಗಿ ಮಾಡಿದ ರೇಡಾರ್ ಉಪಗ್ರಹ. ಹನ್ನೆರಡು ಮೀಟರ್ ಅಗಲದ ಆಂಟೆನಾ ಬಿಚ್ಚಿಕೊಂಡು, ಹನ್ನೆರಡು ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತದೆ. ಎರಡು ಸಲದ ಅಲೆಗಳನ್ನು ಹೋಲಿಸಿದರೆ ನೆಲ ಸೆಂಟಿಮೀಟರಿನಷ್ಟು ಸರಿದಿದ್ದರೂ ಗೊತ್ತಾಗುತ್ತದೆ. ಹಳೆಯ ಹಲವು ರೇಡಾರುಗಳ ಐದಾರು ಸೆಂಟಿಮೀಟರಿನ ಅಲೆ ಎಲೆಗಳ ಮೇಲೇ ಚದುರಿಹೋಗುತ್ತಿತ್ತು. ಇದರ ಎರಡು ರೇಡಾರುಗಳಲ್ಲಿ ನಾಸಾದ್ದು 24 ಸೆಂಟಿಮೀಟರಿನ ಅಲೆ. ಎಲೆ ದಾಟಿ ನೆಲ ಮುಟ್ಟುವ ಸಾಧ್ಯತೆ ಹೆಚ್ಚು. ಕಾಫಿ ತೋಟ, ದಟ್ಟ ಕಾಡಿನ ಘಟ್ಟಕ್ಕೆ ಇದು ನಿಜವಾದ ಲಾಭ. ಆದರೆ ಕಡಿದ ಬರೆಯಂಥ ನೇರ ಗೋಡೆಗಳು ರೇಡಾರಿನ ನೆರಳಲ್ಲಿ ಮರೆಯಾಗಬಹುದು. ಒಂದೇ ರಾತ್ರಿಯ ಮಳೆಗೆ ಹರಿಯುವ ಕೆಸರು ಹನ್ನೆರಡು ದಿನ ಕಾಯುವುದಿಲ್ಲ. ತಿಂಗಳುಗಟ್ಟಲೆ ಮೆಲ್ಲಗೆ ತೆವಳುವ ಗುಡ್ಡಗಳಿಗೆ ಇದು ವರ. ಸ್ವಿಟ್ಜರ್ಲೆಂಡಿನ ಬ್ಲಾಟನ್ ಹಳ್ಳಿಯನ್ನು ಗುಡ್ಡದ ಇಂಥ ಚಲನೆಯ ಅಳತೆಗಳ ಆಧಾರದ ಮೇಲೆ 2025ರ ಮೇ 19ರಂದು ಖಾಲಿ ಮಾಡಿಸಿದ್ದರು. 28ರಂದು ಬಂಡೆ ಮತ್ತು ಹಿಮ ಬಂದು ಊರನ್ನು ಮುಚ್ಚಿದಾಗ ಸತ್ತವರು ಒಬ್ಬರೇ.

ಉಪಕರಣಕ್ಕಿಂತ ನಿಯಮ ಹೆಚ್ಚು ಕೆಲಸ ಮಾಡಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಗೆ ಜಾರಿದ ಗುಡ್ಡಕ್ಕೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನಿನಲ್ಲಿ ಮತ್ಸ್ಯಗಂಧಾ ರೈಲು ಹಳಿಗೆ ಬಿದ್ದ ಬಂಡೆಗೆ ಸಿಕ್ಕಿತು. ಆಮೇಲೆ ಕೊಂಕಣ ರೈಲ್ವೆ ಬರೆಗಳ ಇಳಿಜಾರು ತಗ್ಗಿಸಿತು, ಬಲೆ ಹಾಕಿತು, ಮಳೆಮಾಪಕ ಇಟ್ಟಿತು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿಯನ್ನೇ ನಡೆಸುತ್ತಿದೆ. ಬಹಳ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇತ್ತು, 2025ರಲ್ಲಿ ತುಸು ಚಿಕ್ಕದಾಯಿತು. ಆ ತಿಂಗಳುಗಳಲ್ಲಿ ಹಗಲುರಾತ್ರಿ ಗಸ್ತು, ಅಪಾಯದ ಕಡೆ ಕಾವಲುಗಾರ, ಮಳೆ ಜೋರಾದರೆ ವೇಗ 40 ಕಿಲೋಮೀಟರಿಗೆ. ಮುಂಬೈ ರೈಲು ತಡವಾಯಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಹೆದ್ದಾರಿ ಹೋಗುತ್ತದೆ. ಅದಕ್ಕೆ ಮಳೆಗಾಲದ ವೇಳಾಪಟ್ಟಿಯಿಲ್ಲ. ಎಷ್ಟು ಮಿಲಿಮೀಟರ್ ಸುರಿದಾಗ ಯಾವ ಬರೆಯ ಕೆಳಗೆ ವಾಹನ ನಿಲ್ಲಬಾರದು ಎಂದು ಹೇಳಬೇಕಾದವರು ಯಾರು? ಹೆದ್ದಾರಿಯವರೋ, ಜಿಲ್ಲಾಧಿಕಾರಿಗಳೋ, ಪೊಲೀಸರೋ? ಕುಸಿದ ಮೇಲೆ ಮೂವರೂ ಬರುತ್ತಾರೆ.

ಹಾಂಗ್‌ಕಾಂಗಿನವರು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು 1972ರ ಜೂನ್ 18ರ ಪೆಟ್ಟಿನಿಂದ. ಒಂದೇ ದಿನ ಎರಡು ಕುಸಿತ, 138 ಸಾವು. 1976ರಲ್ಲಿ ಮತ್ತೊಂದು. ಅಲ್ಲಿಯದೂ ನಮ್ಮ ಹಾಗೇ ಆಳಕ್ಕೆ ಕೊಳೆತ ಬಂಡೆಯ ಮಣ್ಣು, ಸುರಿಮಳೆ, ಗುಡ್ಡ ಕಡಿಯದೆ ಮನೆಯಿಲ್ಲ. 1977ರಲ್ಲಿ ಸರ್ಕಾರ ಇದಕ್ಕೆಂದೇ ಕಚೇರಿ ತೆರೆಯಿತು. ಅವರು ಮಾಡಿದ ಅತಿ ಮುಖ್ಯ ಕೆಲಸ ಯಾವ ಯಂತ್ರವೂ ಅಲ್ಲ, ಒಂದು ದಾಖಲೆ ಪುಸ್ತಕ. ಮನುಷ್ಯ ಕಡಿದ, ತುಂಬಿದ, ಕಟ್ಟಿದ ಪ್ರತಿ ಇಳಿಜಾರಿಗೂ ಒಂದು ನಂಬರು, ಸುಮಾರು 60,000. ನಂಬರಿನ ಫಲಕ ಇಳಿಜಾರಿನ ಬುಡದಲ್ಲೇ ಇರುತ್ತದೆ. ನಂಬರು ಹಾಕಿದರೆ ಅದರ ನಿರ್ವಹಣೆ ಯಾರದೆಂದು ಯಾರು ಬೇಕಾದರೂ ನೋಡಬಹುದು. ವರ್ಷಕ್ಕೊಮ್ಮೆ ಚರಂಡಿ ತೆರವು, ಐದು ವರ್ಷಕ್ಕೊಮ್ಮೆ ಎಂಜಿನಿಯರಿಂದ ಪರಿಶೀಲನೆ. ಸಾವುಗಳು ಇಳಿದವು.

ನಮ್ಮಲ್ಲಿ ಸೇತುವೆಗೆ ನಂಬರಿದೆ, ಮೋರಿಗೆ ನಂಬರಿದೆ, ಕಿಲೋಮೀಟರು ಕಲ್ಲಿಗೂ ನಂಬರಿದೆ. ಬರೆಗಿಲ್ಲ. ಇದಕ್ಕೆ ಉಪಗ್ರಹ ಬೇಡ. ಉತ್ತರ ಕನ್ನಡದ ಒಂದೇ ತಾಲೂಕು ತೆಗೆದುಕೊಳ್ಳಿ, ಒಂದು ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದ ಹುಡುಗ ಹುಡುಗಿಯರು, ಟೇಪು, ಕೋನಮಾಪಕ, ಮೊಬೈಲು. ಎಪ್ರಿಲಿನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಹೋಗಲಿ; ಎಪ್ರಿಲಿನಲ್ಲಿ ಬಿರುಕು ಕಾಣುತ್ತದೆ, ಜುಲೈಯಲ್ಲಿ ನೀರು ಕಾಣುತ್ತದೆ. ಐದು ಮೀಟರಿಗಿಂತ ಎತ್ತರದ ಪ್ರತಿ ಬರೆಗೂ ಒಂದು ಪುಟ. ಎತ್ತರ, ಕೋನ, ಮುರಕಲ್ಲು ಎಲ್ಲಿ ಮುಗಿದು ಶೇಡಿ ಎಲ್ಲಿ ಶುರು, ನೆತ್ತಿಯಲ್ಲಿ ಚರಂಡಿ ಇದೆಯೇ, ಬುಡದಲ್ಲಿ ಅಂಗಡಿಯೋ ಬಸ್ ತಂಗುದಾಣವೋ ಇದೆಯೇ. ಕೊನೆಯ ಖಾನೆ ಹೊಣೆಗಾರರದು. ಮೊದಲ ವರ್ಷ ಬಹುತೇಕ ಪುಟಗಳಲ್ಲಿ ಅದು ಖಾಲಿಯೇ ಇರುತ್ತದೆ. ಖಾಲಿ ಬಿಟ್ಟೇ ಅಚ್ಚು ಹಾಕಿಸಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೇ ತಿಂಗಳ ಸಭೆಯಲ್ಲಿ ಮೇಜಿನ ಮೇಲಿಡಿ.